ಕೊಳ್ಳುವವನೊಬ್ಬನೇ ಆದಾಗ



ದನವೇ ಧನ ಎಂಬ ಮಾತು ಕೇವಲ ಪ್ರಾಸಕ್ಕಾಗಿ ಹುಟ್ಟಿದುದಲ್ಲ. ಹಳಗನ್ನಡದಲ್ಲಿ ತುರು ಎಂದರೆ ಹಸು. ತುರುಗೋಳ್ ಎಂದರೆ ಹಸುಗಳ ಹಿಂಡನ್ನು ಸೂರೆಗೊಳ್ಳುವುದು, ಎಂದರೆ ಊರಿನ ಸಂಪತ್ತನ್ನೇ ಸೂರೆಗೊಳ್ಳುವುದು. ಅದನ್ನು ತಡೆಯಹೋಗಿ ಮಡಿದವರ ವೀರಗಲ್ಲುಗಳು ನಮ್ಮ ಎಷ್ಟೋ ಊರುಗಳ ಕೆರೆಯೇರಿಯ ಮೇಲೆ ಇಂದಿಗೂ ನಿಂತಿವೆ. ಲ್ಯಾಟಿನ್ನಿನಲ್ಲಿ ಹಣವನ್ನು ಸೂಚಿಸುವ 'ಪೆಕೂನಿಯ' ಎಂಬ ಪದ ದನವನ್ನು ಸೂಚಿಸುವ 'ಪೆಕುಸ್' ಎಂಬುದರಿಂದ ಬಂದಿತು. ಇಂಗ್ಲಿಷಿನ 'ಕ್ಯಾಟಲ್', 'ಕ್ಯಾಪಿಟಲ್' ಎಂಬೆರಡು ಪದಗಳೂ ಒಂದೇ ಬೇರಿನ ಚಿಗುರುಗಳು. ಆದರೆ ಈ ಧನಕ್ಕೆ ಬೇರೆಯ ಧನಕ್ಕಿಲ್ಲದ ಒಂದು ಗುಣವುಂಟು. ಚಿನ್ನಕ್ಕೆ ಗಿರಾಕಿ ಇಲ್ಲದಿದ್ದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ರಾಗಿಗೆ ಬೆಲೆ ಇಲ್ಲದಿದ್ದರೆ ಹಗೇವಿನಲ್ಲಿ ತುಂಬಿ ಕಾಯಬಹುದು. ದನ ಮಾತ್ರ ಬೆಳಗಾದರೆ ಮೇವು ನೀರು ಕೇಳುತ್ತದೆ. ಕೊಳ್ಳುವವನು ಇಲ್ಲವಾದ ದಿನದಿಂದ ಅದು ಸಾಲದಂತೆ ಬೆಳೆಯತೊಡಗುತ್ತದೆ.

ಕೆನಡಾ ದೇಶದ ದನ ಸಾಕುವ ರೈತರು ಈ ಸತ್ಯವನ್ನು 2003ರಲ್ಲಿ ಒಂದೇ ದಿನದಲ್ಲಿ ಕಂಡುಕೊಂಡರು. ಮಾಂಸದ ವ್ಯಾಪಾರದ ಸಂಗತಿ ನಮ್ಮಲ್ಲಿ ಕೆಲವರಿಗೆ ರುಚಿಸಲಾರದು ಎಂಬುದನ್ನು ಬಲ್ಲೆ. ಆದರೂ ಅದನ್ನು ರೈತನ ಮನೆಯ ಲೆಕ್ಕವೆಂದು ನೋಡಬೇಕೆಂಬುದು ನನ್ನ ಬಿನ್ನಹ. ನನ್ನ ತಮ್ಮನ ಮಗ ಅಲ್ಬರ್ಟಾ ಪ್ರಾಂತದ ಕ್ಯಾಲ್ಗರಿಯಲ್ಲಿ ನೆಲೆಸಿರುವುದರಿಂದ ಆ ಸೀಮೆಯನ್ನು ಕಾಣುವ ಅವಕಾಶ ನನಗೆ ದೊರೆಯಿತು. ಉಳಿದುದು ಓದಿ ತಿಳಿದದ್ದು.

ಅಲ್ಬರ್ಟಾದ ಪಶ್ಚಿಮಕ್ಕೆ ರಾಕಿ ಪರ್ವತಗಳು, ಪೂರ್ವಕ್ಕೆ ಕಣ್ಣು ಹರಿದಷ್ಟೂ ಹುಲ್ಲುಗಾವಲು. ಬೆಟ್ಟದ ತಪ್ಪಲಿನ ರೈತ ತಾಯಿಹಸುಗಳ ಹಿಂಡನ್ನಿಟ್ಟುಕೊಂಡು ವಸಂತದಲ್ಲಿ ಕರು ಹಾಕಿಸುತ್ತಾನೆ, ಚಳಿ ಬೀಳುವ ಮುನ್ನ ಹಾಲು ಬಿಡಿಸಿ ಮಾರುತ್ತಾನೆ. ಕೊಂಡವನು ಅವನ್ನು ಬಾರ್ಲಿ ತಿನ್ನಿಸಿ ಕೊಬ್ಬಿಸುವ ದೊಡ್ಡಿಗೆ ಸೇರಿಸುತ್ತಾನೆ. ಲೆತ್‌ಬ್ರಿಜ್ ಪಟ್ಟಣದ ಉತ್ತರಕ್ಕೆ ಇಂಥ ದೊಡ್ಡಿಗಳದೇ ಒಂದು ಸಾಲಿದೆ. ಅಲ್ಲಿಂದ ಮುಂದಿನ ದಾರಿ ಕಸಾಯಿಖಾನೆಗೆ.

ಈ ಏರ್ಪಾಟು ಪುರಾತನವಾದದ್ದೇನಲ್ಲ. ಪ್ರೇರಿ ಸೀಮೆಯ ಧಾನ್ಯವನ್ನು ಬಂದರಿಗೆ ಒಯ್ಯಲು 1897ರ ಒಪ್ಪಂದದಿಂದ ಮೊದಲಾಗಿ ರೈಲಿನಲ್ಲಿ ರಿಯಾಯಿತಿ ದರವಿತ್ತು. 1995ರಲ್ಲಿ ಆ ರಿಯಾಯಿತಿ ಕೊನೆಗೊಂಡಿತು. ಬಾರ್ಲಿಯನ್ನು ಸಮುದ್ರಕ್ಕೆ ಸಾಗಿಸುವುದಕ್ಕಿಂತ ದನಕ್ಕೆ ತಿನ್ನಿಸಿ ದನವನ್ನೇ ಸಾಗಿಸುವುದು ಲಾಭವೆನಿಸಿತು. ಅಷ್ಟರಲ್ಲಿ 1989ರಲ್ಲಿ ಜಾರಿಗೆ ಬಂದಿದ್ದ ಮುಕ್ತ ವ್ಯಾಪಾರ ಒಪ್ಪಂದ ಅಮೆರಿಕದ ಬಾಗಿಲನ್ನು ಅಗಲವಾಗಿ ತೆರೆದಿಟ್ಟಿತ್ತು. 2002ನೆಯ ಇಸವಿಯೊಂದರಲ್ಲೇ ಹದಿನಾರು ಲಕ್ಷಕ್ಕೂ ಹೆಚ್ಚು ದನಗಳು ಜೀವಸಹಿತವಾಗಿ ಲಾರಿಗಳಲ್ಲಿ ದಕ್ಷಿಣದ ಗಡಿಯನ್ನು ದಾಟಿದವು. ದೇಶದ ದನ ಮತ್ತು ಮಾಂಸದ ಉತ್ಪನ್ನದಲ್ಲಿ ಅರ್ಧಕ್ಕೂ ಮಿಗಿಲಾದ ಪಾಲು ಹೊರದೇಶಕ್ಕೆ, ಅದರಲ್ಲಿ ಬಹುಪಾಲು ಆ ಒಬ್ಬ ನೆರೆಯವನಿಗೆ. ಮುದಿಹಸುಗಳನ್ನು ಕೊಯ್ಯುವ ಕೆಲಸವನ್ನಂತೂ ಕೆನಡಾ ಬಹುಮಟ್ಟಿಗೆ ಅಮೆರಿಕದ ಕಾರ್ಖಾನೆಗಳಿಗೇ ಬಿಟ್ಟುಕೊಟ್ಟಿತ್ತು. ಗಡಿ ತೆರೆದೇ ಇರುವಾಗ ಮನೆಯಲ್ಲಿ ಕಾರ್ಖಾನೆ ಏತಕ್ಕೆ? ಲೆಕ್ಕ ಸರಿಯಾಗಿಯೇ ಇತ್ತು.

2003ರ ಜನವರಿ ಕೊನೆಯಲ್ಲಿ ಅಲ್ಬರ್ಟಾದ ಉತ್ತರಭಾಗದ ಒಂದು ಹಸುವನ್ನು ಕಸಾಯಿಖಾನೆಗೆ ತಂದರು. ಅದು ರೋಗಿಷ್ಠವೆಂದು ಕಂಡಿದ್ದರಿಂದ ತಪಾಸಣೆಯವರು ಅದರ ಮಾಂಸ ಆಹಾರಕ್ಕೆ ಸಲ್ಲದೆಂದು ತಳ್ಳಿಹಾಕಿ, ತಲೆಯನ್ನು ಪರೀಕ್ಷೆಗೆ ಕಳುಹಿಸಿದರು. ಪರೀಕ್ಷೆಯ ಸರದಿ ಬರಲು ತಿಂಗಳುಗಳೇ ಹಿಡಿದವು. ಮೇ 20ರಂದು ಸರ್ಕಾರ ಪ್ರಕಟಿಸಿತು: ಬಿಎಸ್‌ಇ. ಪತ್ರಿಕೆಗಳು 'ಹುಚ್ಚುಹಸುವಿನ ರೋಗ' ಎಂದು ಕರೆದದ್ದು ಇದನ್ನೇ. ಅದೇ ದಿನ ಅಮೆರಿಕ ತನ್ನ ಗಡಿಯನ್ನು ಮುಚ್ಚಿತು. ಬಳಿಕ ಜಪಾನ್ ಮೊದಲಾದ ಹತ್ತಾರು ದೇಶಗಳು ಬಾಗಿಲು ಹಾಕಿದವು.

ರೋಗದ ಸ್ವರೂಪವನ್ನು ತುಸು ವಿವರಿಸಬೇಕು. ಇದು ಕ್ರಿಮಿಯಿಂದ ಬರುವುದಲ್ಲ. ಪ್ರಿಯಾನ್ ಎಂಬ ವಕ್ರಗೊಂಡ ಪ್ರೋಟೀನು ಮೆದುಳನ್ನು ಸ್ಪಂಜಿನಂತೆ ತೂತುಗೊಳಿಸುತ್ತದೆ. ಹಸುವಿನಿಂದ ಹಸುವಿಗೆ ಗಾಳಿಯಲ್ಲಿ ಹರಡದು. ಸತ್ತ ಪ್ರಾಣಿಗಳ ಮಾಂಸ ಮೂಳೆಗಳ ಪುಡಿಯನ್ನು ಮೇವಿಗೆ ಬೆರೆಸಿ, ಹುಲ್ಲು ತಿನ್ನುವ ಪ್ರಾಣಿಗೆ ಅದರ ಜಾತಿಯದೇ ಅವಶೇಷವನ್ನು ತಿನ್ನಿಸಿದುದರಿಂದ ಬ್ರಿಟನ್ನಿನಲ್ಲಿ ಹಬ್ಬಿತು. ಅಲ್ಲಿ ಅದನ್ನು ಗುರುತಿಸಿದ್ದು 1986ರಲ್ಲಿ. ಮನುಷ್ಯನ ಮೆದುಳಿನ ಒಂದು ಮಾರಕ ರೋಗಕ್ಕೂ ಅದಕ್ಕೂ ನಂಟಿದೆಯೆಂದು ಸರ್ಕಾರ ಒಪ್ಪಿದ್ದು 1996ರಲ್ಲಿ. ಆ ಭೀತಿ ಸಕಾರಣವಾದದ್ದು. ಕೆನಡಾ 1997ರಲ್ಲಿಯೇ ಇಂಥ ಮೇವನ್ನು ದನಗಳಿಗೆ ನಿಷೇಧಿಸಿತ್ತು. ಆದರೆ ರೋಗ ಒಡಲೊಳಗೆ ವರ್ಷಗಟ್ಟಲೆ ಅಡಗಿರಬಲ್ಲದು.

ಆ ಹಸುವಿನ ನಂಟಿದ್ದ ಹಿಂಡುಗಳನ್ನು ಹುಡುಕಿ, ಎರಡು ಸಾವಿರಕ್ಕೂ ಹೆಚ್ಚು ದನಗಳನ್ನು ಕೊಂದು ಪರೀಕ್ಷಿಸಿದರು. ಒಂದರಲ್ಲಿಯೂ ರೋಗ ಸಿಕ್ಕಲಿಲ್ಲ. ಗಡಿ ಮಾತ್ರ ತೆರೆಯಲಿಲ್ಲ. ಒಂದು ಹಸುವಿಗೆ ಇಡೀ ದೇಶವನ್ನು ಹೊರಗಿಡುವ ಈ ಕಟ್ಟಳೆ ಅಮೆರಿಕ ಅಂದು ಹೊಸದಾಗಿ ಮಾಡಿದ್ದಲ್ಲವೆಂಬುದನ್ನೂ ಹೇಳಬೇಕು. ಒಂದು ಹಸುವಿನಲ್ಲಿಯೂ ರೋಗ ಕಾಣದಿದ್ದ ಬ್ರೆಜಿಲ್ಲಿನ ಮಾಂಸವನ್ನು ಇದೇ ರೋಗದ ಶಂಕೆಯ ಮೇಲೆ ಕೆನಡಾ 2001ರ ಫೆಬ್ರವರಿಯಲ್ಲಿ ಮೂರು ವಾರ ತಡೆದಿತ್ತು. ತಾನು ಬೀಸಿದ್ದ ಕೋಲೇ ತನ್ನ ಬೆನ್ನಿಗೆ ಬಿದ್ದಿತು ಎಂದರೆ ಕಠೋರವಾದೀತು. ಆದರೆ ಬ್ರೆಜಿಲ್ಲಿನವರು ಹಾಗೆ ಅಂದುಕೊಂಡಿದ್ದರೆ ತಪ್ಪೆನ್ನಲಾರೆ.

ಹಿಂಡುಗಳಿಗೆ ಏನಾಯಿತು? ದೊಡ್ಡಿಯಲ್ಲಿ ಕೊಬ್ಬಿದ ದನಗಳು ಕಾಯಲಾರವು. ವಾರ ಕಳೆದಂತೆ ಮೇವಿನ ಖರ್ಚು ಏರುತ್ತದೆ, ಅತಿಯಾಗಿ ಕೊಬ್ಬಿದರೆ ಬೆಲೆಯೂ ಇಳಿಯುತ್ತದೆ. ಕೊಯ್ಯುವ ದೊಡ್ಡ ಕಾರ್ಖಾನೆಗಳು ಬೆರಳೆಣಿಕೆಯವು. ಅವು ಕೇಳಿದ ಬೆಲೆಗೇ ಕೊಡಬೇಕು. ಜೂನ್‌ನಲ್ಲಿ ಸರ್ಕಾರಗಳು 46 ಕೋಟಿ ಡಾಲರ್‌ವರೆಗಿನ ನೆರವನ್ನು ಸಾರಿದವು. ದನವನ್ನು ಕಸಾಯಿಖಾನೆಗೆ ಮಾರಿದವನಿಗೆ ಬೆಲೆಯ ಕುಸಿತದ ಒಂದಂಶವನ್ನು ತುಂಬಿಕೊಡುವುದು ಇದರ ಕ್ರಮ. ಪರಿಣಾಮವನ್ನು ಊಹಿಸಿಕೊಳ್ಳಿ. ಹಣ ಬರಬೇಕಾದರೆ ಮಾರಬೇಕು. ಎಲ್ಲರೂ ಒಮ್ಮೆಗೇ ಮಾರಹೊರಟಾಗ ಬೆಲೆ ಇನ್ನಷ್ಟು ಕುಸಿಯಿತು. ರೈತನ ಕೈಗೆ ಕೊಟ್ಟ ದುಡ್ಡು ಅವನ ಬೆರಳ ಸಂದಿಯಿಂದ ಕಾರ್ಖಾನೆಗೆ ಸೋರಿತು. ಆ ತಿಂಗಳುಗಳಲ್ಲಿ ಕಾರ್ಖಾನೆಗಳ ಲಾಭ ಹಲವು ಪಟ್ಟು ಏರಿತೆಂದು ಅಲ್ಬರ್ಟಾದ ಮಹಾಲೇಖಪಾಲರು 2004ರ ವರದಿಯಲ್ಲಿ ತೋರಿಸಿದರು. ಒಳಸಂಚು ನಡೆದಿತ್ತೆಂಬುದಕ್ಕೆ ತನಿಖೆಗಳಲ್ಲಿ ಪುರಾವೆ ದೊರೆಯಲಿಲ್ಲ. ದೊರೆಯಬೇಕಾದ ಅಗತ್ಯವೂ ಇರಲಿಲ್ಲ: ಮಾರಲೇಬೇಕಾದವರು ಸಾವಿರಾರು ಮಂದಿ, ಕೊಳ್ಳಬಲ್ಲವರು ನಾಲ್ಕಾರು ಮಂದಿ ಆದಾಗ ಸಂಚಿನ ಪ್ರಯೋಜನವೇನು?

ತಪ್ಪಲಿನ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ನಮಗೆ ಕಾಫಿ ಕೊಟ್ಟು ಅಂದಿನ ದಿನಗಳನ್ನು ನೆನೆದರು. ಕರು ಹಾಕುವುದನ್ನು ನಿಲ್ಲಿಸಿದ ಕೆಲವು ಹಸುಗಳನ್ನು ಹರಾಜಿಗೆ ಕಳುಹಿಸಿದ್ದರಂತೆ. ಲಾರಿಯ ಬಾಡಿಗೆ, ಹರಾಜುಕಟ್ಟೆಯ ಕಮಿಷನ್ ಕಳೆದು, ಚೆಕ್ಕಿಗೆ ಬದಲಾಗಿ ಬಾಕಿಯ ಚೀಟಿ ಬಂತಂತೆ. "ಹಸು ಕೊಟ್ಟು ಮೇಲೆ ದುಡ್ಡನ್ನೂ ಕೊಟ್ಟೆ" ಎಂದು ಅವರು ನಕ್ಕರು. ಒಳಗಿದ್ದ ಅವರ ಹೆಂಡತಿ ನಗಲಿಲ್ಲ. ಆ ಚಳಿಗಾಲದಲ್ಲಿ ಆಕೆ ಪಟ್ಟಣದ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸ ಹಿಡಿದರೆಂದೂ ಹಿಂಡಿನ ಮೇವಿಗೆ ಆ ಸಂಬಳವೇ ಆಯಿತೆಂದೂ ಆಮೇಲೆ ತಿಳಿಯಿತು. ಕಷ್ಟಕಾಲದಲ್ಲಿ ಹಿಂಡು ಉಳಿಯಿತು ಎಂದು ಅಂಕಿ ಅಂಶದ ಪುಸ್ತಕ ಹೇಳುವಾಗ ಇಂಥ ರಾತ್ರಿಪಾಳಿಗಳು ಅದರಲ್ಲಿ ಸೇರಿರುವುದಿಲ್ಲ.

ಒಂದು ಸಮಾಧಾನವಿತ್ತು. ಕೆನಡಾದ ಜನ ಮಾಂಸವನ್ನು ಬಿಡಲಿಲ್ಲ. ರೈತನಿಗೆ ಆಸರೆಯಾಗಲೆಂದು ಮೊದಲಿಗಿಂತ ಹೆಚ್ಚಾಗಿ ಕೊಂಡರು. ರೋಗ ಕಂಡ ದೇಶದಲ್ಲಿ ಬಳಕೆ ಏರಿದ್ದು ಅಪರೂಪವೇ ಸರಿ. ಆದರೆ ಮೂರು ಕೋಟಿಯಷ್ಟು ಜನ ಎಷ್ಟು ತಿಂದಾರು? ಹೊರದೇಶಕ್ಕೆಂದು ಬೆಳೆಸಿದ ಹಿಂಡು ಮನೆಯ ಊಟದಿಂದ ಕರಗದು.

2003ರ ಆಗಸ್ಟಿನಲ್ಲಿ ಅಮೆರಿಕ ಮೊದಲ ಬಾರಿಗೆ ಕದವನ್ನು ಓರೆಮಾಡಿತು: ಮೂವತ್ತು ತಿಂಗಳೊಳಗಿನ ದನದ ಮೂಳೆಯಿಲ್ಲದ ಮಾಂಸ ಬರಬಹುದು, ಜೀವಂತ ದನ ಬರಬಾರದು. ಜನನ ಪತ್ರವಿಲ್ಲದ ದನಕ್ಕೆ ಮೂವತ್ತು ತಿಂಗಳೆಂದು ಅಳೆಯುವುದು ಹೇಗೆ? ಹಲ್ಲು ನೋಡಿ! ಎರಡು ಹಲ್ಲು ದಾಟಿ ಮೂರನೆಯದು ಮೂಡಿತೆಂದರೆ ವಯಸ್ಸು ಮೀರಿತು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ತುಟಿಯೆತ್ತಿ ನೋಡುವ ರೈತನ ಶಾಸ್ತ್ರವೇ ಎರಡು ರಾಷ್ಟ್ರಗಳ ವಾಣಿಜ್ಯದ ಅಳತೆಗೋಲಾಯಿತೆಂಬುದನ್ನು ಓದಿದಾಗ ನನಗೆ ವಿಚಿತ್ರವಾದ ಸಂತೋಷವಾಯಿತು.

ಅದೇ ಡಿಸೆಂಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ರೋಗಿ ಹಸು ಸಿಕ್ಕಿತು. ಹುಟ್ಟೂರು ಹುಡುಕಿದರೆ ಮತ್ತೆ ಅಲ್ಬರ್ಟಾ. ಜಪಾನ್ ಕೊರಿಯಾಗಳು ಈಗ ಅಮೆರಿಕಕ್ಕೂ ಬಾಗಿಲು ಹಾಕಿದವು. 2004ರಲ್ಲಿ ಅಲ್ಬರ್ಟಾದ ಮುಖ್ಯಸ್ಥ ರಾಲ್ಫ್ ಕ್ಲೈನ್, ಸ್ವಾಭಿಮಾನಿ ರೈತನಾಗಿದ್ದರೆ ಆ ಮೊದಲ ಹಸುವನ್ನು ಗುಂಡಿಟ್ಟು ಹೂತು ಸುಮ್ಮನಿರುತ್ತಿದ್ದ ಎಂಬರ್ಥದ ಮಾತಾಡಿ ಟೀಕೆಗೆ ಗುರಿಯಾದರು. ಮಾತು ಅವಿವೇಕದ್ದು. ಆದರೆ ನಿಜ ಹೇಳಿದವನಿಗೇ ಶಿಕ್ಷೆ ಎಂಬ ರೈತರ ಸಂಕಟ ಅದರಲ್ಲಿ ಬಾಯಿಬಿಟ್ಟಿತ್ತು.

2005ರ ಮಾರ್ಚಿ 7ಕ್ಕೆ ಎಳೆಯ ದನಗಳಿಗೆ ಗಡಿ ತೆರೆಯುವುದೆಂದು ಗೊತ್ತಾಗಿತ್ತು. ಐದು ದಿನ ಮೊದಲು ಮೊಂಟಾನದ ನ್ಯಾಯಾಧೀಶರೊಬ್ಬರು ತಡೆಯಾಜ್ಞೆ ಕೊಟ್ಟರು. ಮೊಕದ್ದಮೆ ಹೂಡಿದವರು ಆರ್-ಕಾಫ್ ಎಂಬ ಅಮೆರಿಕದ ದನಸಾಕಣೆದಾರರ ಸಂಘದವರು. ಕೆನಡಾದ ದನ ಬಾರದಿದ್ದರೆ ಅವರ ದನಕ್ಕೆ ಒಳ್ಳೆಯ ಬೆಲೆ. ರೈತನ ಎದುರಾಳಿ ಇಲ್ಲಿ ರೈತನೇ. ಮೇಲಿನ ನ್ಯಾಯಾಲಯ ಆಜ್ಞೆಯನ್ನು ತೆಗೆದುಹಾಕಿ, ಜುಲೈ 18ರಂದು ಮೊದಲ ಲಾರಿ ಗಡಿ ದಾಟಿತು. ಮುದಿಹಸುಗಳು 2007ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಈ ನಡುವೆ ರೈತರು ಕೈಕಟ್ಟಿ ಕೂತಿರಲಿಲ್ಲ. ಕೊಯ್ಯುವ ಕಾರ್ಖಾನೆ ನಮ್ಮದೇ ಇದ್ದರೆ ಎಂಬ ವಿಚಾರ ಊರೂರಿನಲ್ಲಿ ಎದ್ದಿತು, ಶೇರು ಕೂಡಿಸಿದರು. ಕ್ಯಾಲ್ಗರಿಯ ಉತ್ತರದ ಬಾಲ್ಜಾಕ್‌ನಲ್ಲಿ ರೈತರ ಬಂಡವಾಳದಿಂದ 2006ರಲ್ಲಿ ಆರಂಭವಾದ ಕಾರ್ಖಾನೆ 2007ರಲ್ಲಿ ಮುಚ್ಚಿತು. ಕಾರಣ ಸರಳ, ಕ್ರೂರ. ಗಡಿ ತೆರೆದೊಡನೆ ಅಮೆರಿಕದ ವರ್ತಕ ಹೆಚ್ಚಿನ ಬೆಲೆಗೆ ದನ ಕೇಳಿದ. ಅದೇ ಶೇರುದಾರನೂ ತನ್ನ ಹಿಂಡನ್ನು ಅತ್ತಲೇ ಕಳುಹಿಸಿದ. ಸಾಲ ತೀರಿಸಬೇಕಾದವನಿಗೆ ಬೇರೆ ದಾರಿಯಿತ್ತೆ? ಕೆನಡಾದ ಡಾಲರ್ ಏರುತ್ತ ಹೋಗಿ 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಾಲರಿಗೆ ಸರಿಸಮವಾದಾಗ, ಇಲ್ಲಿ ಕೊಯ್ದು ಅಲ್ಲಿ ಮಾರುವ ಲಾಭ ಇನ್ನಷ್ಟು ಕರಗಿತು. ಸಂಕಟಕಾಲದಲ್ಲಿ ಬೇಕಾದ ಕಾರ್ಖಾನೆ ಸುಭಿಕ್ಷದಲ್ಲಿ ಬದುಕಲಾರದು. ಸುಭಿಕ್ಷದಲ್ಲಿ ಬದುಕದಿದ್ದರೆ ಸಂಕಟದ ವೇಳೆಗೆ ಅದು ಇರುವುದಿಲ್ಲ. ಈ ಗಂಟನ್ನು ಬಿಡಿಸಿದವರನ್ನು ನಾನು ಕಾಣೆ.

ಮುಂದೆಯೂ ನೆಮ್ಮದಿ ಸಿಕ್ಕಲಿಲ್ಲ. ದನ ಎಲ್ಲಿ ಹುಟ್ಟಿತೆಂದು ಮಾಂಸದ ಚೀಟಿಯಲ್ಲಿ ಬರೆಯಬೇಕೆಂಬ ಅಮೆರಿಕದ ಕಾನೂನು 2008ರಿಂದ ಜಾರಿಗೆ ಬಂತು. ಎರಡು ದೇಶದ ದನಗಳನ್ನು ಬೇರೆಬೇರೆ ಇಡುವ ತಾಪತ್ರಯ ಬೇಡವೆಂದು ಅಲ್ಲಿನ ಕಾರ್ಖಾನೆಗಳು ಕೆನಡಾದ ದನಕ್ಕೆ ಬೆಲೆ ಇಳಿಸಿದವು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೆನಡಾ ಮತ್ತೆಮತ್ತೆ ಗೆದ್ದರೂ ಕಾನೂನು ರದ್ದಾದದ್ದು 2015ರ ಡಿಸೆಂಬರಿನಲ್ಲಿ. 2021ರ ಮೇ ತಿಂಗಳಲ್ಲಿ ಕೆನಡಾಕ್ಕೆ ಬಿಎಸ್‌ಇ ವಿಷಯದಲ್ಲಿ 'ನಗಣ್ಯ ಅಪಾಯದ ದೇಶ' ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅದೇ ಡಿಸೆಂಬರಿನಲ್ಲಿ, ಮೇವಿನ ದೆಸೆಯಿಂದಲ್ಲದೆ ಮುಪ್ಪಿನಲ್ಲಿ ತಾನಾಗಿ ಬರುವ ಬಗೆಯ ರೋಗ ಒಂದು ಹಸುವಿನಲ್ಲಿ ಕಂಡಿತೆಂದು ಚೀನಾ ಬಾಗಿಲು ಮುಚ್ಚಿ, ವರ್ಷಗಟ್ಟಲೆ ತೆರೆಯಲಿಲ್ಲ.

2005ರಲ್ಲಿ ಮಾರಲಾಗದೆ ಒಂದೂವರೆ ಕೋಟಿಯಷ್ಟಕ್ಕೆ ಉಬ್ಬಿದ್ದ ದೇಶದ ದನಗಳ ಸಂಖ್ಯೆ, ಬೇಸತ್ತವರು ಹಿಂಡು ಮಾರಿದ್ದರಿಂದಲೂ ಬರಗಾಲಗಳಿಂದಲೂ ಇಳಿಯುತ್ತ ಬಂದು, ಈಚಿನ ವರ್ಷಗಳಲ್ಲಿ ಒಂದು ಕೋಟಿ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ದನಗಳು ಕಡಮೆಯಾದುದರಿಂದ ಬೆಲೆ ಏರಿದೆ. ಏರಿದ ಬೆಲೆಯ ಫಲವನ್ನುಣ್ಣಲು ಹಿಂಡಿಲ್ಲದವರು ಬಹಳ. ಕೊಯ್ಯುವ ಕಾರ್ಖಾನೆಗಳಲ್ಲಿಯಾದರೋ, ಹೈರಿವರ್ ಮತ್ತು ಬ್ರೂಕ್ಸ್ ಎಂಬೆರಡು ಊರುಗಳ ಎರಡೇ ಕಾರ್ಖಾನೆಗಳು ದೇಶದ ಕೆಲಸದ ಮೂರರಲ್ಲಿ ಎರಡು ಪಾಲಿನಷ್ಟನ್ನು ಮಾಡುತ್ತಿದ್ದವೆಂಬುದು, 2020ರ ಏಪ್ರಿಲ್‌ನಲ್ಲಿ ಕೋವಿಡ್ಡಿನಿಂದ ಹೈರಿವರ್ ಕಾರ್ಖಾನೆ ಎರಡು ವಾರ ನಿಂತಾಗ ನಗರವಾಸಿಗಳಿಗೂ ತಿಳಿಯಿತು. ದೊಡ್ಡಿಗಳಲ್ಲಿ ದನಗಳು ಪುನಃ ನಿಂತವು. ಈ ಸಲ ಗಡಿ ತೆರೆದೇ ಇತ್ತು.