ಪಿಎಸ್‌ಕ್ಯೂಎಲ್‌ನಲ್ಲಿ ಬೇಕಾದಂತೆ ಶಾರ್ಟ್‌ಕಟ್

ಪೋಸ್ಟ್‌ಗ್ರೆಸ್ ಡೇಟಾಬೇಸಿನೊಂದಿಗೆ ಬರುವ ಪಿಎಸ್‌ಕ್ಯೂಎಲ್ ತಂತ್ರಾಂಶದಲ್ಲಿ ಮೆನು, ಬಟನ್ ಯಾವುದೂ ಇಲ್ಲ. ಟರ್ಮಿನಲ್‌ನಲ್ಲಿ ಕ್ವೆರಿ ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ಹೀಗಾಗಿ ಕೆಲಸ ಸಲೀಸಾಗುವುದೂ ತಡವಾಗುವುದೂ ಕೀಬೋರ್ಡಿನ ಮೇಲೆ ಕೈ ಎಷ್ಟು ಪಳಗಿದೆ ಎಂಬುದರಿಂದಲೇ.

ಟೈಪ್ ಮಾಡಿದ ಸಾಲನ್ನು ತಿದ್ದುವ ಹೊಣೆ ಸಾಮಾನ್ಯವಾಗಿ ರೀಡ್‌ಲೈನ್ ಎಂಬ ಗ್ನೂ ಲೈಬ್ರರಿಯದು. ಲಿನಕ್ಸ್‌ನ ಬ್ಯಾಶ್ ಕೂಡ ಅದನ್ನೇ ಬಳಸುವುದರಿಂದ ಅಲ್ಲಿ ರೂಢಿಯಾದದ್ದು ಇಲ್ಲೂ ನಡೆಯುತ್ತದೆ. ಕಂಟ್ರೋಲ್ ಎ ಸಾಲಿನ ಆರಂಭಕ್ಕೆ, ಕಂಟ್ರೋಲ್ ಇ ಕೊನೆಗೆ ಒಯ್ಯುತ್ತದೆ. ಕಂಟ್ರೋಲ್ ಡಬ್ಲ್ಯೂ ಹಿಂದಿನ ಪದವನ್ನು ಅಳಿಸಿದರೆ ಕಂಟ್ರೋಲ್ ವೈ ಅದನ್ನು ಮರಳಿ ತರುತ್ತದೆ. ಇವೆಲ್ಲಕ್ಕಿಂತ ಉಪಕಾರಿ ಕಂಟ್ರೋಲ್ ಆರ್. ಅದನ್ನೊತ್ತಿ ಟೇಬಲ್ ಹೆಸರಿನ ನಾಲ್ಕಾರು ಅಕ್ಷರ ಕೊಟ್ಟರೆ ಸಾಕು, ಹಿಂದೆಂದೋ ಬರೆದ ಉದ್ದನೆಯ ಕ್ವೆರಿ ಕಣ್ಣೆದುರು ನಿಲ್ಲುತ್ತದೆ. ಪಿಎಸ್‌ಕ್ಯೂಎಲ್ ತಾನಾಗಿ ಉಳಿಸಿಕೊಳ್ಳುವುದು 500 ಆದೇಶಗಳನ್ನು ಮಾತ್ರ. ಹಿಸ್ಟ್‌ಸೈಜ್ ಎಂಬ ವೇರಿಯೇಬಲ್‌ನಲ್ಲಿ ಈ ಮಿತಿಯನ್ನು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಹೊಸ ಶಾರ್ಟ್‌ಕಟ್ ಬೇಕಿದ್ದರೆ ಹೋಮ್ ಡೈರೆಕ್ಟರಿಯಲ್ಲಿ ಡಾಟ್ ಇನ್‌ಪುಟ್‌ಆರ್‌ಸಿ ಎಂಬ ಫೈಲ್ ಬರೆಯಬೇಕು. ಪ್ರತಿ ಸಾಲಿನಲ್ಲೂ ಉದ್ಧರಣ ಚಿಹ್ನೆಯೊಳಗೆ ಕೀಯ ಸಂಕೇತ, ನಂತರ ಕೋಲನ್, ಆಮೇಲೆ ಆಗಬೇಕಾದ ಕೆಲಸ. ಆ ಕೆಲಸವನ್ನೂ ಉದ್ಧರಣ ಚಿಹ್ನೆಯೊಳಗಿಟ್ಟರೆ ಅದು ಮ್ಯಾಕ್ರೊ: ಕೀ ಒತ್ತಿದೊಡನೆ ಆ ಪಠ್ಯವೇ ಪರದೆಯ ಮೇಲೆ ಮೂಡುತ್ತದೆ. ಉದಾಹರಣೆಗೆ, ಸರ್ವರ್‌ನಲ್ಲಿ ಈಗ ಯಾವ ಕ್ವೆರಿ ಓಡುತ್ತಿದೆ ಎಂದು ತೋರಿಸುವ ಪಿಜಿ ಸ್ಟಾಟ್ ಆಕ್ಟಿವಿಟಿಯ ಸೆಲೆಕ್ಟ್ ಸಾಲನ್ನು ಕಂಟ್ರೋಲ್ ಎಕ್ಸ್ ಮತ್ತು ಎ ಜೋಡಿಗೆ ಕಟ್ಟಿಕೊಳ್ಳಬಹುದು. ಇಂಥ ಸಾಲುಗಳ ಮೇಲೆ ಡಾಲರ್ ಚಿಹ್ನೆಯ 'ಇಫ್ ಪಿಎಸ್‌ಕ್ಯೂಎಲ್', ಕೆಳಗೆ ಅದೇ ಚಿಹ್ನೆಯ 'ಎಂಡಿಫ್' ಬರೆದರೆ ಅವು ಬ್ಯಾಶ್‌ನಲ್ಲಿ ತಲೆಹಾಕುವುದಿಲ್ಲ.

ಮ್ಯಾಕ್ರೊದ ತುದಿಗೆ ಕಂಟ್ರೋಲ್ ಎಂ ಸಂಕೇತ ಸೇರಿಸಿದರೆ ಎಂಟರ್ ಕೂಡ ತಾನಾಗಿಯೇ ಒತ್ತಿದಂತಾಗುತ್ತದೆ. ಓದುವ ಕ್ವೆರಿಗಳಿಗೆ ಇದು ಸರಿ. ಡಿಲೀಟ್, ಅಪ್‌ಡೇಟ್‌ಗಳಿಗೆ ಮಾತ್ರ ಎಂದೂ ಸೇರಿಸಬಾರದು. ಬೆರಳು ತಪ್ಪಿದರೆ ಟೇಬಲ್ಲಿನ ಮಾಹಿತಿಯೇ ಹೋದೀತು.

ಫೈಲ್ ಉಳಿಸಿದ ಬಳಿಕ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಆರ್ ಒತ್ತಿದರೆ ಬದಲಾವಣೆ ಕೂಡಲೇ ಜಾರಿಗೆ ಬರುತ್ತದೆ. ಕಂಟ್ರೋಲ್ ಎಸ್ ಒತ್ತಿ ಪರದೆ ಸ್ತಬ್ಧವಾದರೆ ಗಾಬರಿ ಬೇಡ: ಅದು ಟರ್ಮಿನಲ್‌ನ ಹಳೆಯ ತಡೆ, ಕಂಟ್ರೋಲ್ ಕ್ಯೂ ಒತ್ತಿದರೆ ಬಿಡುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ, ಮುಖ್ಯವಾಗಿ ಮ್ಯಾಕ್‌ನಲ್ಲಿ, ರೀಡ್‌ಲೈನ್ ಬದಲು ಲಿಬ್‌ಎಡಿಟ್ ಇರುವುದುಂಟು. ಅಲ್ಲಿ ಇದೇ ಕೆಲಸಕ್ಕೆ ಡಾಟ್ ಎಡಿಟ್‌ಆರ್‌ಸಿ ಎಂಬ ಫೈಲ್ ಬೇಕು, ಬರೆಯುವ ರೀತಿಯೂ ಬೇರೆ.