ತಳ ನೋಡದೆ ಬಾಟಲಿ ಬಗ್ಗಿಸಬೇಡಿ

ಕೆಂಗೇರಿ ಕಡೆಯಿಂದ ಮೆಜೆಸ್ಟಿಕ್‌ಗೆ ಹೊರಟ ನೇರಳೆ ಮಾರ್ಗದ ಮೆಟ್ರೊದಲ್ಲಿ ಸೀಟು ಸಿಕ್ಕವರ ಮೊಬೈಲು ಇಣುಕಿದರೆ ಕಾಣುವುದು ರೀಲ್ಸು, ವಾಟ್ಸ್‌ಆಪು, ಅದಿಲ್ಲದಿದ್ದರೆ ಬಣ್ಣದ ನೀರಿನ ಬಾಟಲಿಗಳು. (ಇಣುಕಬಾರದು, ಒಪ್ಪಿದೆ. ಆದರೆ ಅತ್ತಿಗುಪ್ಪೆ ದಾಟಿದ ಮೇಲೆ ನಿಂತವರಿಗೆ ಕತ್ತು ತಿರುಗಿಸಲು ಬೇರೆ ಜಾಗ ಎಲ್ಲಿದೆ?) ಆಟದ ನಿಯಮ ಹೇಳಲು ಅರ್ಧ ನಿಮಿಷ ಸಾಕು. ಒಂದೊಂದು ಬಾಟಲಿಯಲ್ಲಿ ನಾಲ್ಕು ಅಳತೆ ನೀರು, ಬಣ್ಣ ಕಲಸುಮೇಲೋಗರ. ಮೇಲಿರುವ ಬಣ್ಣವನ್ನು ಅದೇ ಬಣ್ಣದ ಮೇಲೆ ಬಗ್ಗಿಸಬಹುದು, ಇಲ್ಲವೆ ಖಾಲಿ ಬಾಟಲಿಗೆ ಬಗ್ಗಿಸಬಹುದು. ಕೊನೆಗೆ ಒಂದು ಬಾಟಲಿಗೆ ಒಂದೇ ಬಣ್ಣ ಉಳಿಯಬೇಕು.

ಇಷ್ಟು ಸರಳ ಆಟದ ಸುತ್ತ ನಂಬಿಕೆಗಳು ಮಾತ್ರ ಸಿಕ್ಕಾಪಟ್ಟೆ. ವಿಜಯನಗರದ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕುಳಿತ ನಿವೃತ್ತರೂ ರಾಜಾಜಿನಗರದ ಪಿಯುಸಿ ಹುಡುಗರೂ ಒಂದೇ ತಪ್ಪನ್ನು ಒಂದೇ ಧೈರ್ಯದಿಂದ ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಇದೆಲ್ಲ ಅದೃಷ್ಟದ ಆಟ.

ಇಲ್ಲಿ ದಾಳ ಇಲ್ಲ, ಎಲೆ ಕಲೆಸುವವರಿಲ್ಲ, ಎದುರಾಳಿಯೂ ಇಲ್ಲ. ಪ್ರಶ್ನೆಚಿಹ್ನೆ ಹಾಕಿ ಬಣ್ಣ ಮುಚ್ಚಿಟ್ಟ ಲೆವೆಲ್‌ಗಳನ್ನು ಬಿಟ್ಟರೆ, ಬೇಕಾದ ಮಾಹಿತಿಯೆಲ್ಲ ಮೊದಲ ಕ್ಷಣದಿಂದಲೇ ಕಣ್ಣೆದುರಿಗಿದೆ. ಕಷ್ಟ ಹುಟ್ಟುವುದು ಬಾಟಲಿಯ ಬಾಯಿ ಒಂದೇ ಆಗಿರುವುದರಿಂದ. ಬಸವೇಶ್ವರನಗರದ 30×40 ಸೈಟಿನ ಮನೆಯನ್ನು ನೆನೆಯಿರಿ. ಗೇಟಿನೊಳಗೆ ಒಂದರ ಹಿಂದೆ ಒಂದು ಎರಡು ಕಾರು. ಒಳಗಿನದು ಮಾಲೀಕರದು, ಹೊರಗಿನದು ಮೊದಲ ಮಹಡಿಯ ಬಾಡಿಗೆಯವರದು. ಬೆಳಗಿನ ಜಾವ ಮಾಲೀಕರು ಊರಿಗೆ ಹೊರಡಬೇಕೆಂದರೆ ಬಾಡಿಗೆಯವರ ಬಾಗಿಲು ತಟ್ಟಲೇಬೇಕು. ಕೊನೆಗೆ ಬಂದದ್ದು ಮೊದಲು ಹೊರಡಬೇಕಾದ ಈ ವ್ಯವಸ್ಥೆಗೆ ಕಂಪ್ಯೂಟರ್ ಓದಿದವರು ಸ್ಟ್ಯಾಕ್ ಅನ್ನುತ್ತಾರೆ. ವಿಟಿಯು ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಪಾಠದಲ್ಲಿ ಅದು ಬರುತ್ತದೆ. ಬಾಡಿಗೆಯವರ ಕಾರನ್ನು ಐದು ನಿಮಿಷ ನಿಲ್ಲಿಸಲು ರಸ್ತೆಯಲ್ಲಿ ಸಿಗುವ ಜಾಗವೇ ಇಲ್ಲಿನ ಖಾಲಿ ಬಾಟಲಿ. ಆಟವೆಲ್ಲ ಇರುವುದು ಆ ಜಾಗದಲ್ಲಿ.

ತಪ್ಪು ಕಲ್ಪನೆ: ಒಂದೇ ಬಣ್ಣ ಜೋಡಿಯಾಗಿ ಮೇಲಿದ್ದರೆ ಮೊದಲು ಅದನ್ನೇ ಬಗ್ಗಿಸಬೇಕು.

ಈಚೆಗೆ ವಿಜಯನಗರದಲ್ಲಿ ಹತ್ತಿದ ಅಜ್ಜಿ, ಮೊಮ್ಮಗ ಇದೇ ವಿಷಯಕ್ಕೆ ವಾದಕ್ಕೆ ಬಿದ್ದಿದ್ದರು. ಮೊಬೈಲು ಅಜ್ಜಿಯದು, ಸಲಹೆ ಮೊಮ್ಮಗನದು.

"ಅಜ್ಜಿ, ಕೆಂಪು ಎರಡೂ ಒಟ್ಟಿಗಿದೆ ನೋಡು, ಅದನ್ನ ಖಾಲಿದಕ್ಕೆ ಬಗ್ಗಿಸು."

"ಇರೋ ಮರಿ, ತಳದಲ್ಲಿ ಏನಿದೆ ನೋಡ್ಕೊಳ್ತೀನಿ."

ಅವರ ಲೆವೆಲ್ ದೊಡ್ಡದಿತ್ತು. ಅದರಲ್ಲಿದ್ದ ಗಂಟನ್ನೇ ಮೂರು ಬಣ್ಣಕ್ಕೆ ಇಳಿಸಿ ಇಲ್ಲಿ ಕಟ್ಟಿದ್ದೇನೆ. ಮನೆಯಲ್ಲಿ ಮಕ್ಕಳ ಕ್ರಯಾನ್ ಇದ್ದರೆ ಹಾಳೆಯ ಮೇಲೆ ಬರೆದುಕೊಳ್ಳಿ. ತಳದಿಂದ ಮೇಲಕ್ಕೆ ಓದಬೇಕು.

ಒಂದನೇ ಬಾಟಲಿ: ಹಳದಿ, ಹಳದಿ, ಕೆಂಪು, ಕೆಂಪು.
ಎರಡನೇ ಬಾಟಲಿ: ಕೆಂಪು, ನೀಲಿ, ಹಳದಿ, ನೀಲಿ.
ಮೂರನೇ ಬಾಟಲಿ: ಕೆಂಪು, ನೀಲಿ, ನೀಲಿ, ಹಳದಿ.
ನಾಲ್ಕನೆಯದು ಖಾಲಿ.

ಮೊದಲು ಮೊಮ್ಮಗನ ದಾರಿ. ಒಂದನೇ ಬಾಟಲಿಯ ಜೋಡಿ ಕೆಂಪು ನಾಲ್ಕನೆಯದಕ್ಕೆ ಹೋಯಿತು. ಒಂದನೆಯದರಲ್ಲಿ ಬರೀ ಹಳದಿ ಉಳಿಯಿತು, ನೋಡಲು ಬಲು ಚೆಂದ. ಮೂರನೆಯದರ ಮೇಲಿನ ಹಳದಿ ಅಲ್ಲಿಗೆ ಬಂತು. ಎರಡನೆಯದರ ನೀಲಿ ಮೂರನೆಯದಕ್ಕೆ, ಅದರಡಿ ಇದ್ದ ಹಳದಿ ಒಂದನೆಯದಕ್ಕೆ. ಹಳದಿ ಬಾಟಲಿ ಭರ್ತಿ, ಪರದೆಯ ಮೇಲೆ ಪಟಾಕಿ. ಈಗ ಉಳಿದದ್ದೇನು? ಎರಡನೆಯದರಲ್ಲಿ ಕೆಂಪಿನ ಮೇಲೆ ಒಂದು ನೀಲಿ, ಮೂರನೆಯದರಲ್ಲಿ ಕೆಂಪಿನ ಮೇಲೆ ಮೂರು ನೀಲಿ, ನಾಲ್ಕನೆಯದರಲ್ಲಿ ಎರಡು ಕೆಂಪು. ನೀಲಿಯನ್ನು ಆ ಎರಡರ ಮಧ್ಯೆ ಅತ್ತಿತ್ತ ಹೊಯ್ದಾಡಿಸಬಹುದು, ಅಷ್ಟೇ. ಒಂದು ಕೆಂಪಿನ ಮೇಲೆ ನಾಲ್ಕೂ ನೀಲಿ ಕೂರಬೇಕಾದರೆ ಐದು ಅಳತೆಯ ಬಾಟಲಿ ಬೇಕು, ಇರುವುದು ನಾಲ್ಕರದು. ಆಟ ಅಲ್ಲಿಗೇ ಕಟ್ಟಿತು. ಆ ಮೊದಲ ಕೆಂಪನ್ನು ಬಗ್ಗಿಸಿದ ಮೇಲೆ ಮುಂದೆ ಏನೇ ಮಾಡಿದರೂ ಇದೇ ಗತಿ; ಬೇರೆ ನಡೆಗಳನ್ನೆಲ್ಲ ಹಾಳೆಯ ಮೇಲೆ ಹಾಕಿ ನೋಡಬಹುದು, ತುಂಬ ಇಲ್ಲ.

ಈಗ ಅಜ್ಜಿಯ ಕಣ್ಣಿನಿಂದ ತಳ ನೋಡಿ. ಕೆಂಪಿಗೆ ಎರಡು ತಳ ಇವೆ. ಹಳದಿಗೆ ಒಂದಿದೆ. ನೀಲಿಗೆ ಒಂದೂ ಇಲ್ಲ. ಖಾಲಿ ಬಾಟಲಿ ಅಂದರೆ ಹೊಸದೊಂದು ತಳ; ಅದು ಸಲ್ಲಬೇಕಾದ್ದು ತಳವಿಲ್ಲದ ಬಣ್ಣಕ್ಕೆ. ಜೋಡಿಯಾಗಿದೆ ಅನ್ನುವ ಕಾರಣಕ್ಕೆ ಕೆಂಪಿಗೆ ಮೂರನೇ ತಳ ಕೊಟ್ಟರೆ ನೀಲಿ ಎಲ್ಲಿಗೆ ಹೋಗಬೇಕು?

ಹಾಗಾಗಿ ಎರಡನೆಯದರ ಮೇಲಿನ ಒಂಟಿ ನೀಲಿಯನ್ನು ನಾಲ್ಕನೆಯದಕ್ಕೆ ಬಗ್ಗಿಸಿ. ನೋಡಲು ಏನೂ ಉಪಯೋಗವಿಲ್ಲದ ನಡೆ. ಮೂರನೆಯದರ ಹಳದಿಯನ್ನು ಎರಡನೆಯದರ ಹಳದಿಯ ಮೇಲೆ ಹಾಕಿ. ಮೂರನೆಯದರ ಜೋಡಿ ನೀಲಿ ನಾಲ್ಕನೆಯದಕ್ಕೆ. ಮೂರನೆಯದರಲ್ಲಿ ಕೆಂಪು ಬಯಲಾಯಿತು. ಈಗ ಒಂದನೆಯದರ ಜೋಡಿ ಕೆಂಪು ಅಲ್ಲಿಗೆ. ಎರಡನೆಯದರ ಜೋಡಿ ಹಳದಿ ಒಂದನೆಯದಕ್ಕೆ, ಅದರಡಿಯ ನೀಲಿ ನಾಲ್ಕನೆಯದಕ್ಕೆ, ಉಳಿದ ಕೆಂಪು ಮೂರನೆಯದಕ್ಕೆ. ಏಳು ನಡೆಯಲ್ಲಿ ಮುಗಿಯಿತು.

ತುಂಬಿದ ಬಾಟಲಿ ಎಷ್ಟೋ ಬಣ್ಣವೂ ಅಷ್ಟೇ ಇರುವ ಲೆವೆಲ್‌ಗಳಲ್ಲಿ ಒಂದು ಲೆಕ್ಕ ತಪ್ಪುವುದೇ ಇಲ್ಲ: ಒಂದು ಬಣ್ಣ ಎರಡು ತಳ ಹಿಡಿದು ಕೂತಿದ್ದರೆ, ಮತ್ತೊಂದು ಬಣ್ಣಕ್ಕೆ ತಳ ಇಲ್ಲ ಅಂತಲೇ ಅರ್ಥ. ದೊಡ್ಡ ಲೆವೆಲ್‌ಗಳಲ್ಲಿ ಇಂಥ ಬಣ್ಣ ನಾಲ್ಕೈದು ಇರಬಹುದು, ಆಗ ಯಾವುದಕ್ಕೆ ಮೊದಲು ಅನ್ನುವುದು ಬೇರೆ ತಲೆನೋವು. ಆದರೂ ಹುಡುಕಾಟ ಶುರುವಾಗಬೇಕಾದ್ದು ಅಲ್ಲಿಂದ.

ತಪ್ಪು ಕಲ್ಪನೆ: ಒಂದು ಬಾಟಲಿ ಭರ್ತಿಯಾಯಿತೆಂದರೆ ಅಷ್ಟರಮಟ್ಟಿಗೆ ಗೆದ್ದಂತೆ.

ಮೇಲಿನ ಮೊಮ್ಮಗನ ಆಟದಲ್ಲಿ ಭರ್ತಿಯಾದ ಹಳದಿ ಬಾಟಲಿ ಏನು ಉಪಕಾರ ಮಾಡಿತು? ಪಟಾಕಿ ಹಾರಿಸಿತು. ಎಷ್ಟು ಖಾಲಿ ಬಾಟಲಿ ಖರ್ಚಾಯಿತು, ಎಷ್ಟು ಹಿಂದಕ್ಕೆ ಬಂತು ಅನ್ನುವುದೇ ನಿಜವಾದ ಲೆಕ್ಕ.

ತಪ್ಪು ಕಲ್ಪನೆ: ಬಗ್ಗಿಸಿದ್ದನ್ನು ವಾಪಸ್ ತಂದರೆ ನಡೆ ದಂಡ.

ಅದೇ ಲೆವೆಲ್‌ಗೆ ಇನ್ನೊಂದು ದಾರಿಯೂ ಇದೆ. ಮೂರನೆಯದರ ಹಳದಿಯನ್ನು ಖಾಲಿ ಬಾಟಲಿಗೆ ಹಾಕಿ. ಎರಡನೆಯದರ ನೀಲಿಯನ್ನು ಮೂರನೆಯದಕ್ಕೆ ಹಾಕಿ. ಎರಡನೆಯದರಲ್ಲಿ ಹಳದಿ ಮೇಲೆ ಬಂತು. ಇಲ್ಲಿ ಎಲ್ಲರೂ ಆ ಹಳದಿಯನ್ನು ನಾಲ್ಕನೆಯದಕ್ಕೆ ಸೇರಿಸಲು ಹೋಗುತ್ತಾರೆ. ಉಲ್ಟಾ ಮಾಡಿ: ನಾಲ್ಕನೆಯದಕ್ಕೆ ಕಳಿಸಿದ್ದ ಹಳದಿಯನ್ನೇ ಎತ್ತಿ ಎರಡನೆಯದರ ಮೇಲೆ ಹಾಕಿ. ಖಾಲಿ ಬಾಟಲಿ ಮತ್ತೆ ಕೈಗೆ ಬಂತು. ಅದಕ್ಕೆ ಮೂರು ನೀಲಿಯನ್ನೂ ಒಟ್ಟಿಗೆ ಇಳಿಸಿದರೆ ಮುಂದಿನದು ಹಳೇ ದಾರಿಯೇ. ಒಂದು ನಡೆ ಹೆಚ್ಚು, ಅಷ್ಟೇ.

ಈ ಹಿಂದಿರುಗುವ ನಡೆ ನಮಗೆ ಹೊಸದೇನಲ್ಲ. ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ದೋಣಿಯಲ್ಲಿ ಹೊಳೆ ದಾಟಿಸುವ ಒಗಟು ಕೇಳದೆ ಬೆಳೆದವರು ಕಡಿಮೆ. ಅದರಲ್ಲೂ ಎಡವುವುದು ಒಂದೇ ಕಡೆ: ದಾಟಿಸಿದ ಮೇಕೆಯನ್ನು ಮತ್ತೆ ಈಚೆ ದಡಕ್ಕೆ ತರಬೇಕು ಅನ್ನುವುದು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಯುರೋಪಿನಲ್ಲಿ ಆಲ್ಕ್ವಿನ್ ಎಂಬ ವಿದ್ವಾಂಸನ ಹೆಸರಿಗೆ ಅಂಟಿಕೊಂಡಿರುವ ಲ್ಯಾಟಿನ್ ಲೆಕ್ಕಗಳ ಸಂಗ್ರಹದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಈ ಒಗಟು ಇದೆ. ಅಲ್ಲಿ ಹುಲಿಯ ಬದಲು ತೋಳ, ಹುಲ್ಲಿನ ಬದಲು ಕೋಸು.

ತಪ್ಪು ಕಲ್ಪನೆ: ಈ ಲೆವೆಲ್‌ಗೆ ಉತ್ತರವೇ ಇಲ್ಲ, ಜಾಹೀರಾತು ನೋಡಲಿ ಅಂತಲೇ ಹೀಗೆ ಮಾಡಿದ್ದಾರೆ.

ಅರ್ಧ ಸರಿ, ಅರ್ಧ ತಪ್ಪು. ಬಣ್ಣಗಳನ್ನು ಮನಬಂದಂತೆ ತುಂಬಿದರೆ ಉತ್ತರ ಇರಲೇಬೇಕೆಂಬ ಖಾತ್ರಿ ಇಲ್ಲ. ಮೊಮ್ಮಗ ಸಿಕ್ಕಿಬಿದ್ದ ಸ್ಥಿತಿಯನ್ನೇ ಹೊಸ ಲೆವೆಲ್ ಎಂದು ಕೊಟ್ಟರೆ ಅದನ್ನು ಬ್ರಹ್ಮ ಬಂದರೂ ಬಿಡಿಸಲಾರ. 15 ಅಂಕಿಗಳನ್ನು ಜಾರಿಸಿ ಜೋಡಿಸುವ ಹಳೆಯ ಚೌಕದ ಆಟದಲ್ಲಂತೂ ಸರಿಯಾಗಿ ಅರ್ಧದಷ್ಟು ಜೋಡಣೆಗಳಿಗೆ ಉತ್ತರವಿಲ್ಲ. 1879ರಲ್ಲೇ ಗಣಿತಜ್ಞರು ಅದನ್ನು ತೋರಿಸಿಕೊಟ್ಟರು. ಹಾಗಾಗಿ ಮರ್ಯಾದಸ್ಥ ಆಟ ಮಾಡುವವರಿಗೆ ಇರುವ ದಾರಿ ಎರಡು. ಬಿಡಿಸಿದ ಸ್ಥಿತಿಯಿಂದ ಹಿಂದಕ್ಕೆ ಕಲಸುತ್ತ ಬರಬೇಕು, ಇಲ್ಲವೆ ಮನಬಂದಂತೆ ತುಂಬಿ ಕಂಪ್ಯೂಟರಿನಿಂದ ಬಿಡಿಸಿ ನೋಡಿ, ಬಿಡಿಸಲಾಗದ್ದನ್ನು ಎಸೆಯಬೇಕು.

"ಉತ್ತರವಿಲ್ಲ" ಅನ್ನಿಸುವ ಬಹುಪಾಲು ಹೊತ್ತಿನಲ್ಲಿ ಆಗಿರುವುದು ಇಷ್ಟೇ: ಲೆವೆಲ್‌ಗೆ ಉತ್ತರ ಇದೆ, ನೀವು ನಿಂತಿರುವ ಜಾಗದಿಂದ ಇಲ್ಲ. ಜಾಹೀರಾತು ನೋಡಿ ಪಡೆಯುವ ಹೆಚ್ಚುವರಿ ಬಾಟಲಿ ಎಷ್ಟೋ ಸಲ ಪಾರುಮಾಡುತ್ತದೆ. ಮೊಮ್ಮಗನ ಕಟ್ಟಿಹೋದ ಆಟಕ್ಕೂ ಇನ್ನೊಂದು ಬಾಟಲಿ ಕೊಟ್ಟರೆ ಒಂಟಿ ನೀಲಿ ಅಲ್ಲಿಗೆ ಹೋಗಿ ಎಲ್ಲ ಬಿಚ್ಚಿಕೊಳ್ಳುತ್ತದೆ. ಆದರೆ ಆಗ ನೀವು ಬಿಡಿಸಿದ್ದು ಬೇರೆ ಲೆವೆಲ್ಲು, ಇದಲ್ಲ.

ತಪ್ಪು ಕಲ್ಪನೆ: ಅನ್‌ಡು ಒತ್ತುವುದು ಮೋಸ.

ಮೊದಲಿಂದ ಶುರು ಮಾಡುವುದನ್ನೂ ಕೆಲವರು ಸೋಲು ಎಂದು ಭಾವಿಸುತ್ತಾರೆ. ಇಂಥ ಒಗಟನ್ನು ಕಂಪ್ಯೂಟರ್ ಬಿಡಿಸುವುದೇ ಹಾಗೆ: ಒಂದು ದಾರಿ ಹಿಡಿ, ಗೋಡೆ ಸಿಕ್ಕರೆ ಒಂದು ಹೆಜ್ಜೆ ಹಿಂದೆ ಬಾ, ಪಕ್ಕದ ದಾರಿ ಹಿಡಿ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಚದುರಂಗದ ರಾಣಿಯರನ್ನು ಒಬ್ಬರಿಗೊಬ್ಬರು ಹೊಡೆಯದಂತೆ ಕೂರಿಸುವ ಪ್ರೋಗ್ರಾಂ ಬರೆಸುತ್ತಾರಲ್ಲ, ಆ ಬ್ಯಾಕ್‌ಟ್ರ್ಯಾಕಿಂಗ್ ಇದೇ. ಎಷ್ಟು ಹಿಂದಕ್ಕೆ ಹೋಗಬೇಕು ಅನ್ನುವುದರಲ್ಲಿ ಮಾತ್ರ ಆಟಗಾರರು ಎಡವುತ್ತಾರೆ. ಕೊನೆಯ ಒಂದೆರಡು ನಡೆ ಬದಲಿಸಿ ಮತ್ತೆ ಮತ್ತೆ ಅದೇ ಗೋಡೆಗೆ ಹಾಯುತ್ತಾರೆ. ತಪ್ಪಿದ್ದು ಮೊದಲನೇ ನಡೆಯಲ್ಲಿ. ಖಾಲಿ ಬಾಟಲಿ ಕೊನೆಯ ಬಾರಿ ಕೈಬಿಟ್ಟದ್ದು ಯಾವಾಗ ಎಂದು ನೆನಪಿಟ್ಟುಕೊಂಡು ಅಲ್ಲಿಗೇ ಮರಳಿದರೆ ಸಮಯ ಉಳಿಯುತ್ತದೆ.

ಪ್ರಶ್ನೆಚಿಹ್ನೆಯ ಲೆವೆಲ್‌ಗಳಲ್ಲಿ ಮೊದಲ ಆಟವನ್ನು ಗೆಲ್ಲಲು ಆಡುವುದೇ ದಂಡ ಅನ್ನುವುದು ನನ್ನ ಅಭಿಪ್ರಾಯ. ಯಾವುದರಡಿ ಯಾವ ಬಣ್ಣ ಅಡಗಿದೆ ಎಂದು ಕೆದಕಿ ನೋಡಿ, ಗುರುತು ಹಾಕಿಕೊಂಡು, ಆಮೇಲೆ ನಿಜವಾದ ಆಟ ಶುರುಮಾಡಬೇಕು.

ತಪ್ಪು ಕಲ್ಪನೆ: ಇದಕ್ಕೊಂದು ಸೂತ್ರ ಇದೆ, ಕಂಪ್ಯೂಟರಿಗಂತೂ ಇದು ನೀರು ಕುಡಿದಷ್ಟು ಸುಲಭ.

ಮೇಲಿನ ಮೂರು ಬಣ್ಣದ ಲೆವೆಲ್‌ನ ಮೂರು ಬಾಟಲಿಗಳನ್ನು ತುಂಬಬಹುದಾದ ಬಗೆ ಒಟ್ಟು 34,650. ಬಣ್ಣ 12 ಆದರೆ ಆ ಸಂಖ್ಯೆ 45 ಅಂಕಿಗಳಷ್ಟು ಉದ್ದವಾಗುತ್ತದೆ. ಜಪಾನಿನ ತಾಕೆಹಿರೊ ಇತೊ, ರ್ಯುಹೆಯ್ ಉಎಹಾರಾ ಮತ್ತು ಸಂಗಡಿಗರು 2022ರಲ್ಲಿ ಈ ಆಟದ ಮೇಲೆಯೇ ಪ್ರಬಂಧ ಪ್ರಕಟಿಸಿದರು. ಕೊಟ್ಟ ಲೆವೆಲ್‌ಗೆ ಉತ್ತರ ಇದೆಯೇ ಎಂದು ನಿರ್ಧರಿಸುವುದು ಎನ್‌ಪಿ-ಕಂಪ್ಲೀಟ್ ಎಂದು ಅವರು ಸಾಧಿಸಿ ತೋರಿಸಿದ್ದಾರೆ. ಅಂದರೆ ಬಾಟಲಿ, ಬಣ್ಣ ಹೆಚ್ಚುತ್ತ ಹೋದರೂ ಎಲ್ಲ ಲೆವೆಲ್‌ಗಳಿಗೂ ಬೇಗ ಕೆಲಸ ಮಾಡುವ ವಿಧಾನ ಯಾರಿಗೂ ಗೊತ್ತಿಲ್ಲ, ಇರಲಾರದು ಅನ್ನುವುದೇ ತಜ್ಞರ ಊಹೆ. ಅದೇ ಪ್ರಬಂಧದಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೀರಿನ ಬದಲು ಚೆಂಡುಗಳಿರುವ ಆಟವನ್ನು ಬೇರೆಯದೇ ಎಂದುಕೊಂಡು ಹಲವರು ಎರಡನ್ನೂ ಮೊಬೈಲಿಗೆ ಹಾಕಿಕೊಂಡಿರುತ್ತಾರೆ. ಉತ್ತರ ಇದೆಯೋ ಇಲ್ಲವೋ ಎಂಬ ಮಟ್ಟಿಗೆ ಎರಡೂ ಒಂದೇ: ನೀರಿನಲ್ಲಿ ಬಿಡಿಸಬಹುದಾದದ್ದು ಚೆಂಡಿನಲ್ಲೂ ಬಿಡಿಸಬಹುದು, ಚೆಂಡಿನಲ್ಲಿ ಆಗುವುದು ನೀರಿನಲ್ಲೂ ಆಗುತ್ತದೆ.

ಇದನ್ನು ಓದಿ "ನನ್ನ ಕೈಲಿ ಆಗದಿದ್ದರೆ ತಪ್ಪಿಲ್ಲ, ಗಣಿತವೇ ಹೇಳಿದೆ" ಅನ್ನುವಂತಿಲ್ಲ ಮತ್ತೆ. ಆ ಮಾತು ಅನ್ವಯಿಸುವುದು ಗಾತ್ರ ಬೆಳೆಯುತ್ತ ಹೋದಾಗ. ಮೊಬೈಲಿಗೆ ಬರುವ ಹತ್ತು ಹನ್ನೆರಡು ಬಣ್ಣದ ಲೆವೆಲ್ಲನ್ನು ಚೆನ್ನಾಗಿ ಬರೆದ ಪ್ರೋಗ್ರಾಂ ಬಿಡಿಸಿಬಿಡುತ್ತದೆ.

ತಪ್ಪು ಕಲ್ಪನೆ: ಆಡುತ್ತಿದ್ದರೆ ಮೆದುಳು ಚುರುಕಾಗುತ್ತದೆ, ಮರೆವು ಹತ್ತಿರ ಬರುವುದಿಲ್ಲ.

2010ರಲ್ಲಿ ಬ್ರಿಟನ್ನಿನಲ್ಲಿ 11,430 ಜನರಿಗೆ ಆರು ವಾರ ಇಂಥ ಮೆದುಳಿನ ಕಸರತ್ತು ಮಾಡಿಸಿ ನೋಡಿದರು. ಅಭ್ಯಾಸ ಮಾಡಿದ ಆಟಗಳಲ್ಲಿ ಅವರು ಪಳಗಿದರು. ಅಭ್ಯಾಸ ಮಾಡದ ಪರೀಕ್ಷೆಗಳಿಗೆ ಆ ಚುರುಕು ದಾಟಲಿಲ್ಲ. ಮರೆವನ್ನು ದೂರವಿಡುತ್ತೇವೆ ಎಂಬಂಥ ಜಾಹೀರಾತು ಕೊಟ್ಟಿದ್ದ ಲುಮಾಸಿಟಿ ಎಂಬ ಕಸರತ್ತಿನ ಆಪ್‌ನವರು 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಖುಷಿಗೆ ಆಡಲು ಅಡ್ಡಿಯೇನಿಲ್ಲ. ಔಷಧಿ ಎಂದು ಅಪ್ಪ ಅಮ್ಮನ ಮೊಬೈಲಿಗೆ ಹಾಕಿಕೊಡುವವರು ಮಾತ್ರ ಸ್ವಲ್ಪ ತಡೆಯಲಿ.

ತಪ್ಪು ಕಲ್ಪನೆ: ಬಣ್ಣ ತಪ್ಪಾಗಿ ಬಗ್ಗಿಸಲು ಹೋಗುವವರಿಗೆ ಗಮನ ಸಾಲದು.

ಕೆಂಪು, ಹಸಿರಿನ ನಡುವೆ ಭೇದ ಕಾಣದವರು ನಮ್ಮ ನಿಮ್ಮ ಮಧ್ಯೆಯೇ ಇದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಎಷ್ಟೋ ಜನರಿಗೆ ಅದು ತಿಳಿಯುವುದೇ ಕೆಲಸಕ್ಕೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯಲ್ಲಿ, ಚುಕ್ಕಿಗಳ ಮಧ್ಯೆ ಅಡಗಿದ ಅಂಕಿ ಓದಿಸಿದಾಗ. ಜಪಾನಿನ ಇಶಿಹಾರಾ 1917ರಲ್ಲಿ ಪ್ರಕಟಿಸಿದ ಆ ಹಾಳೆಗಳು ಈಗಲೂ ಬಳಕೆಯಲ್ಲಿವೆ. ಕೆಲವು ಆಟಗಳ ಸೆಟ್ಟಿಂಗ್ಸ್‌ನಲ್ಲಿ ಬಣ್ಣದ ಜೊತೆ ಗೆರೆ, ಚುಕ್ಕಿ, ನಕ್ಷತ್ರದ ಗುರುತು ತೋರಿಸುವ ಆಯ್ಕೆ ಇರುತ್ತದೆ; ಅದನ್ನು ಆನ್ ಮಾಡಿಕೊಂಡರೆ ಕೆಲಸ ಸಲೀಸು. ಕಣ್ಣು ಸರಿಯಿದ್ದೂ ಆಕಾಶನೀಲಿ ಯಾವುದು, ತಿಳಿಹಸಿರು ಯಾವುದು ಎಂದು ರಾತ್ರಿ ಹೊತ್ತು ತಡವರಿಸುವವರು ಮೊಬೈಲಿನ ನೈಟ್ ಲೈಟ್ ಅಥವಾ ಐ ಕಂಫರ್ಟ್ ಆಫ್ ಮಾಡಿ ನೋಡಿ. ಅದು ಪರದೆಯ ನೀಲಿಯನ್ನು ತಗ್ಗಿಸಿ ಎಲ್ಲಕ್ಕೂ ಹಳದಿ ಛಾಯೆ ಬಳಿದಿರುತ್ತದೆ.