ಜೋಡಿ ತಪ್ಪಿದ ಎಲೆಕ್ಟ್ರಾನಿನ ಸಾಕ್ಷ್ಯ

ಶಿರವಾಳದ ಪ್ರಾಚೀನ ದೇಗುಲಗಳ ಕಾಲವನ್ನು ವಾಸ್ತುಲಕ್ಷಣಗಳಿಂದ ಊಹಿಸಬಹುದು. ದೇಗುಲವೂ ಅಕ್ಷರವೂ ಇಲ್ಲದಿದ್ದ ಕಾಲವನ್ನು ಅರಿಯುವುದೆಂತು? ಅದಕ್ಕೆ ನೆರವಾಗುವ ವಿಧಾನಗಳಲ್ಲಿ ಎಲೆಕ್ಟ್ರಾನ್ ಸ್ಪಿನ್ ಅನುರಣನವೂ ಒಂದು.

ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನುಳ್ಳ ಅಣುವೇ ರ‍್ಯಾಡಿಕಲ್. ಅದನ್ನು ಕಾಂತಕ್ಷೇತ್ರದಲ್ಲಿರಿಸಿ ಸೂಕ್ಷ್ಮತರಂಗಗಳನ್ನು ಹಾಯಿಸಿದರೆ, ಕ್ಷೇತ್ರದ ಬಲವು ತಕ್ಕಷ್ಟಾದಾಗ ಅದು ತರಂಗಶಕ್ತಿಯನ್ನು ಹೀರಿ ತನ್ನ ಇರವನ್ನು ಪ್ರಕಟಿಸುತ್ತದೆ. ರಷ್ಯದ ವಿಜ್ಞಾನಿ ಜವೊಯ್‌ಸ್ಕಿಯವರು 1944ರಲ್ಲಿ ಕಂಡ ಸತ್ಯವಿದು. ಕ್ರಿಯಾವರ್ಧಕಗಳ ಮೇಲೆ ಕ್ಷಣಮಾತ್ರದಲ್ಲಿ ಹುಟ್ಟಿ ಅಳಿಯುವ ರ‍್ಯಾಡಿಕಲ್ಲುಗಳನ್ನು ರಸಾಯನಜ್ಞರು ಈ ಬಗೆಯಿಂದಲೇ ಗುರುತಿಸುವರು.

ಹೂತುಹೋದ ಹಲ್ಲಿನ ಗಟ್ಟಿ ಹೊರಪದರದಲ್ಲಾದರೋ ಅವು ಲಕ್ಷಾಂತರ ವರ್ಷ ಉಳಿಯುತ್ತವೆ. ಸುತ್ತಣ ಮಣ್ಣಿನ ಮತ್ತು ಹಲ್ಲಿನೊಳಗಣ ವಿಕಿರಣದಿಂದ ಅವುಗಳ ಸಂಖ್ಯೆ ವೃದ್ಧಿಸುತ್ತದೆ. ಆ ವೃದ್ಧಿಯನ್ನಳೆದು ವಯಸ್ಸನ್ನು ಗಣಿಸುವರು. ಸುರಪುರ ಸೀಮೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ಉತ್ಖನನದಲ್ಲಿ ಶಿಲಾಯುಧಗಳೊಡನೆ ದೊರೆತ ಪ್ರಾಣಿದಂತಗಳು ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಿದುವು; 2002ರಲ್ಲಿ ಇದು ಪ್ರಕಟವಾಯಿತು. ಹಲ್ಲು ಯುರೇನಿಯಮನ್ನು ಯಾವಾಗ, ಎಷ್ಟು ಹೀರಿತೆಂಬ ಊಹೆಯನ್ನು ಈ ಗಣನೆ ಅವಲಂಬಿಸಿರುವುದರಿಂದ ಇದೇ ಕಡೆಯ ಮಾತಲ್ಲ. ಆದರೂ ಈ ಸೀಮೆಯ ಹೊಲಗಳಲ್ಲಿ ಕಾಲಿಗೆಡವುವ ಕಲ್ಲನ್ನು ಎಸೆಯುವ ಮುನ್ನ ಒಮ್ಮೆ ನೋಡುವುದು ವಿಹಿತ.